ಗಿಟಾರ್ ವಿಡಿಯೋ ನೋಡುವಾಗ 'ಫೀಲ್' ಅನ್ನು ಎಲ್ಲಿ ಹುಡುಕುತ್ತೀರಿ?

ಆರನೇ ತಂತಿ:

ಗಿಟಾರ್ ವಿಡಿಯೋಗಳ ಕೆಳಗೆ ಯಾವಾಗಲೂ ಒಂದೇ ಜಗಳ. "ಇವನಷ್ಟು ಸ್ಪೀಡ್ ಯಾರಿಗೂ ಇಲ್ಲ" ಅಂತ ಒಬ್ಬರು, "ಸ್ಪೀಡ್ ಇದೆ, ಫೀಲ್ ಇಲ್ಲ" ಅಂತ ಇನ್ನೊಬ್ಬರು. ಅಲ್ಲಿಗೆ ಮಾತು ನಿಲ್ಲುತ್ತದೆ. ಫೀಲ್ ಅಂದರೆ ಏನು, ಅದು ಎಲ್ಲಿ ಕೇಳಿಸುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಇದು ಬೇಸರ. ಫೀಲ್ ಕೈಗೆ ಸಿಗದ ಮಾಯೆ ಏನೂ ಅಲ್ಲ. ಸರಿಯಾಗಿ ಕಿವಿಗೊಟ್ಟರೆ "ನೋಡಿ, ಇಲ್ಲಿದೆ" ಅಂತ ಬೆರಳಿಟ್ಟು ತೋರಿಸಬಹುದು.

ನಾನು ಮಾಡುವುದು ಇಷ್ಟು. ಇಬ್ಬರನ್ನು ಹೋಲಿಸಬೇಕು ಅಂದರೆ ಅವರು ಅತಿ ವೇಗವಾಗಿ ನುಡಿಸುವ ಜಾಗ ಬಿಟ್ಟುಬಿಡುತ್ತೇನೆ. ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದ ಜಾಗ ಹುಡುಕುತ್ತೇನೆ. ಆ ಸ್ವರ ಹೇಗೆ ಮುಗಿಯುತ್ತದೆ ಅಂತ ಕೇಳುತ್ತೇನೆ. ಕೆಲವರು ಬೆರಳೆತ್ತಿ ಕಡಿದುಬಿಡುತ್ತಾರೆ. ಕೆಲವರು ವೈಬ್ರೇಟೊ (ಸ್ವರದ ಅಲುಗಾಟ) ಅಗಲ ಮಾಡುತ್ತಾ ಮಾಡುತ್ತಾ ಬಿಡುತ್ತಾರೆ. ಕೆಲವರು ಕೆಳಕ್ಕೆ ಜಾರುತ್ತಾರೆ, ಕೆಲವರು ತಂತಿ ತಾನಾಗಿ ಸುಮ್ಮನಾಗುವ ತನಕ ಕಾಯುತ್ತಾರೆ. ಈ ಆಯ್ಕೆಯನ್ನು ಅವರು ಯೋಚಿಸಿ ಮಾಡುವುದಿಲ್ಲ, ಕೈ ಮಾಡುತ್ತದೆ, ಅದಕ್ಕೇ ಅದರಲ್ಲಿ ಆ ಮನುಷ್ಯ ಕಾಣುತ್ತಾನೆ.

ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಅವರ ಹಳೆಯ ವಿಡಿಯೋ ಯಾವುದಾದರೂ ತೆಗೆಯಿರಿ. ಅವರ ನೆಂಟರಾದ ಬುಕ್ಕಾ ವೈಟ್ ಸ್ಲೈಡ್ (ತಂತಿ ಮೇಲೆ ಜಾರಿಸುವ ಕೊಳವೆ) ಹಿಡಿದು ನುಡಿಸುತ್ತಿದ್ದರು. ಕಿಂಗ್ ಅವರಿಗೆ ಆ ನಾದ ಬೇಕಿತ್ತು, ಸ್ಲೈಡ್ ಮಾತ್ರ ಕೈಗೆ ಹತ್ತಲಿಲ್ಲ. ಬರೀ ಬೆರಳಿನಿಂದ ತಂತಿ ಅಲುಗಿಸಿ ಅದನ್ನು ತಂದುಕೊಂಡರು. ತೋರುಬೆರಳನ್ನು ಊರಿ, ಹೆಬ್ಬೆರಳನ್ನು ಗಿಟಾರಿನ ಕತ್ತಾದ ನೆಕ್‌ನಿಂದ ಬಿಡಿಸಿಕೊಂಡು, ಇಡೀ ಕೈಯನ್ನೇ ಅಲುಗಿಸುತ್ತಾರೆ. ವೈಬ್ರೇಟೊ ಚುರುಕಾಗಿರುತ್ತದೆ. ಈಗ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಅವರನ್ನು ಕೇಳಿ. ಅವರು ಮೊದಲು ತಂತಿಯನ್ನು ಪಕ್ಕಕ್ಕೆ ಎಳೆದು (ಬೆಂಡ್ ಮಾಡಿ) ಸ್ವರವನ್ನು ಸರಿಯಾದ ಜಾಗಕ್ಕೆ ಮುಟ್ಟಿಸುತ್ತಾರೆ, ಅಲ್ಲಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾರೆ, ವೈಬ್ರೇಟೊ ಶುರುವಾಗುವುದು ಆಮೇಲೆ, ಅದೂ ನಿಧಾನಕ್ಕೆ. ಇಬ್ಬರೂ ಒಂದೇ ಸ್ವರ ನುಡಿಸಿದರೂ ಎರಡೇ ಸೆಕೆಂಡಿಗೆ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಅದೇ ಫೀಲ್.

ಈಗಿನ ಆನ್‌ಲೈನ್ ಗಿಟಾರಿಸ್ಟ್‌ಗಳಲ್ಲೂ ಇದೇ ಅಳತೆ ಹಿಡಿದು ನೋಡಿ. ಬ್ರೆಜಿಲ್‌ನ ಮಟೇಯಸ್ ಅಸಾಟೊ ಇನ್‌ಸ್ಟಾಗ್ರಾಂನ ಚಿಕ್ಕ ಚಿಕ್ಕ ವಿಡಿಯೋಗಳಿಂದಲೇ ಹೆಸರಾದವರು. ಕಾರ್ಡ್ ಮತ್ತು ಮೆಲಡಿ ಎರಡನ್ನೂ ಒಟ್ಟಿಗೆ ಹಿಡಿದು ನುಡಿಸುತ್ತಾರೆ, ಎರಡೆರಡು ತಂತಿಯನ್ನು ಜೊತೆಯಲ್ಲಿ ಜಾರಿಸುತ್ತಾರೆ. ಅವರ ಸ್ವರಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ಜಪಾನಿನ ಇಚಿಕಾ ನಿಟೊ ಅವರದ್ದು ಪೂರ್ತಿ ಬೇರೆ. ಕ್ಲೀನ್ ಟೋನ್ (ಒರಟು ಮಾಡದ ತಿಳಿ ಸದ್ದು), ಎರಡೂ ಕೈ ಫ್ರೆಟ್‌ಬೋರ್ಡ್ ಮೇಲೆ, ಟ್ಯಾಪಿಂಗ್, ಅಂದರೆ ತಂತಿಯನ್ನು ಬೆರಳಿಂದ ತಟ್ಟಿ ಸ್ವರ ಹುಟ್ಟಿಸುವುದು. ಟ್ಯಾಪ್ ಮಾಡಿದ ಸ್ವರ ಬೆರಳು ಬಿಟ್ಟ ಕೂಡಲೇ ನಿಲ್ಲುತ್ತದೆ, ಇಲ್ಲವೇ ಕೆಳಗಿನ ಸ್ವರಕ್ಕೆ ಬೀಳುತ್ತದೆ. ಹಾಗಾಗಿ ಅವರ ಸಂಗೀತದಲ್ಲಿ ಸ್ವರಗಳು ಬಿಡಿಬಿಡಿಯಾಗಿ, ಚುಕ್ಕಿಗಳ ಹಾಗೆ ಬರುತ್ತವೆ. "ಇಚಿಕಾಗೆ ಫೀಲ್ ಇಲ್ಲ" ಅನ್ನುವವರು ಅಸಾಟೊ ಥರದ ಅಂಟನ್ನು ಅವರಲ್ಲಿ ಹುಡುಕುತ್ತಿದ್ದಾರೆ, ಅಷ್ಟೇ. ಅವರ ಫೀಲ್ ಇರುವುದು ಯಾವ ಸ್ವರ ಜೋರು ಯಾವುದು ಮೆಲ್ಲಗೆ ಅನ್ನುವುದರಲ್ಲಿ.

ನೀವು ಏನು ಕೇಳುತ್ತೀರಿ, ಹೇಳಿ. ಬರೀ ಹೆಸರು ಬೇಡ. ಯಾಕೆ ಅಂತಲೂ ಬರೆಯಿರಿ.

ಮೆಟ್ರೊನೋಮ್:

ಒಳ್ಳೆಯ ಮಾತು, ಆದರೆ ನನಗೆ ಮುಗಿಯುವುದಕ್ಕಿಂತ ಶುರುವಾಗುವ ಗಳಿಗೆ ಮುಖ್ಯ. ಸ್ವರ ಬೀಟ್‌ಗೆ ಎಲ್ಲಿ ಬಂದು ಬೀಳುತ್ತದೆ ಅನ್ನುವುದು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 120 ಬೀಟ್ ಅಂದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್, ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದಕ್ಕೆ 125. ಇಷ್ಟರೊಳಗೆ ಒಬ್ಬ ಗಿಟಾರಿಸ್ಟ್ 20-30 ಮಿಲಿಸೆಕೆಂಡ್ ಹಿಂದೆ ಕೂತರೆ "ಆಹಾ, ಎಷ್ಟು ಆರಾಮಾಗಿ ನುಡಿಸುತ್ತಾನೆ" ಅನ್ನಿಸುತ್ತದೆ. ಅಷ್ಟೇ ಮುಂದೆ ಕೂತರೆ ಅದೇ ಚಿಕ್ಕ ಸ್ವರಗುಚ್ಛದಲ್ಲಿ, ಅಂದರೆ ಲಿಕ್‌ನಲ್ಲಿ ಆತುರ, ಒತ್ತಡ ಬರುತ್ತದೆ. ಸ್ವರ ಅವೇ, ಗಿಟಾರ್ ಅದೇ, ಆಂಪ್ ಅದೇ.

ಇನ್ನೊಂದು ವಿಷಯ. ವಿಡಿಯೋ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ನಾವು ಇಷ್ಟು ಜಗಳ ಆಡುವ ಆ ವ್ಯತ್ಯಾಸ ಒಂದೇ ಫ್ರೇಮ್‌ನ ಒಳಗೆ ಮುಗಿದುಹೋಗಿರುತ್ತದೆ. ಕಣ್ಣಿಗೆ ಅದು ಕಾಣುವ ಸಾಧ್ಯತೆಯೇ ಇಲ್ಲ. ಕಣ್ಣಿಗೆ ಕಾಣುವುದು ಬೆರಳು ಎಷ್ಟು ದೂರ ಓಡಿತು ಅನ್ನುವುದು. ಅದಕ್ಕೇ ವಿಡಿಯೋ ನೋಡಿದವರು ಸ್ಪೀಡ್ ಬಗ್ಗೆ ಮಾತಾಡುತ್ತಾರೆ, ಆಡಿಯೋ ಮಾತ್ರ ಕೇಳಿದವರು ಫೀಲ್ ಬಗ್ಗೆ ಮಾತಾಡುತ್ತಾರೆ. ಮೊದಲ ಸಲ ಸ್ಕ್ರೀನ್ ಆಫ್ ಮಾಡಿ ಕೇಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹತ್ತು ಬೆರಳು:

ಎಲೆಕ್ಟ್ರಿಕ್ ಬಿಟ್ಟು ಅಕೂಸ್ಟಿಕ್ ಕಡೆಗೂ ಸ್ವಲ್ಪ ಬನ್ನಿ. 2006ರಲ್ಲಿ ಆಂಡಿ ಮೆಕ್‌ಕೀ ಅವರ ವಿಡಿಯೋ ಯೂಟ್ಯೂಬಿನಲ್ಲಿ ಹರಡಿದಾಗ ಎಷ್ಟೋ ಜನ ಮೊದಲ ಸಲ ಗಿಟಾರಿನ ಮೈಯನ್ನೇ ತಟ್ಟಿ ನುಡಿಸುವುದನ್ನು ನೋಡಿದರು. ಎಡಗೈ ನೆಕ್‌ನ ಮೇಲಿನಿಂದ ಬಂದಿರುತ್ತದೆ, ಬಲಗೈ ಒಂದು ಕಡೆ ತಟ್ಟುತ್ತಾ ಇನ್ನೊಂದು ಕಡೆ ಹಾರ್ಮೋನಿಕ್ಸ್ (ತಂತಿಯನ್ನು ಹಗುರವಾಗಿ ಮುಟ್ಟಿ ತೆಗೆಯುವ ಮೇಲಿನ ಸ್ವರಗಳು) ಹುಟ್ಟಿಸುತ್ತದೆ. ನೋಡುವುದಕ್ಕೆ ಅಷ್ಟು ಚೆಂದ ಇದ್ದದ್ದರಿಂದ ಕೇಳುವುದನ್ನು ಬಹಳ ಜನ ಮರೆತರು. ಅವರ ನಂತರ ಬಂದ ಎಷ್ಟೋ ಮಂದಿ ತಟ್ಟುವುದನ್ನು ಕಲಿತರು, ತಾಳವನ್ನು ಒಂದೇ ಸಮ ನಡೆಸುವುದನ್ನು ಕಲಿಯಲಿಲ್ಲ. ಮೆಕ್‌ಕೀ ಅವರಲ್ಲಿ ಆ ನಡೆ ಗಟ್ಟಿ ಇದೆ.

ಟಾಮಿ ಇಮ್ಯಾನುಯೆಲ್ ಅವರ ಹೆಬ್ಬೆರಳು ಕೇಳಿ. ಬೇಸ್ ಒಂದು, ಕಾರ್ಡ್ ಒಂದು, ಮೆಲಡಿ ಒಂದು, ಮೂರೂ ಬೇರೆ ಬೇರೆ ಜೋರಿನಲ್ಲಿ ಬರುತ್ತವೆ. ಬೇಸ್ ತಂತಿಯನ್ನು ಅಂಗೈ ಅಂಚಿನಿಂದ ಅರ್ಧ ಮುಚ್ಚಿರುತ್ತಾರೆ, ಅದಕ್ಕೆ ಅದು ಗುಮ್ಮೆನ್ನದೆ ಹಿಂದೆ ನಿಲ್ಲುತ್ತದೆ. ಕೊರಿಯಾದ ಸುಂಘಾ ಜಂಗ್ ಚಿಕ್ಕ ಹುಡುಗನಾಗಿದ್ದಾಗಿನ ವಿಡಿಯೋಗಳನ್ನೂ ದೊಡ್ಡವರಾದ ಮೇಲಿನದನ್ನೂ ಪಕ್ಕಪಕ್ಕ ಕೇಳಿದರೆ ಇದೇ ವಿಷಯ ತಿಳಿಯುತ್ತದೆ. ಚಿಕ್ಕವರಿದ್ದಾಗಲೇ ಸ್ವರಗಳೆಲ್ಲ ಸರಿ ಇದ್ದವು. ಬೆಳೆಯುತ್ತಾ ಬಂದದ್ದು ಮೆಲಡಿಯನ್ನು ಉಳಿದದ್ದರಿಂದ ಎತ್ತಿ ಹಿಡಿಯುವ ಕೈ. ಒಬ್ಬನೇ ಗಿಟಾರಿಸ್ಟ್‌ನನ್ನು ಅವನ ಜೊತೆಯೇ ಹೋಲಿಸುವ ಅವಕಾಶ ಇಂಟರ್‌ನೆಟ್ ಬರುವ ಮೊದಲು ಇಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ದಯವಿಟ್ಟು ಫೋನ್ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್, ಎ ತಂತಿ 110. ಫೋನಿನ ಪುಟ್ಟ ಸ್ಪೀಕರ್ ಆ ಮೂಲ ಸ್ವರವನ್ನು ಹೊರಗೆ ಹಾಕುವುದೇ ಇಲ್ಲ ಅನ್ನಬಹುದು, ಅದರ ಜೊತೆ ಹುಟ್ಟುವ ಮೇಲಿನ ಹಾರ್ಮೋನಿಕ್ಸ್ ಮಾತ್ರ ಕೇಳಿಸುತ್ತದೆ. ಹೆಬ್ಬೆರಳಿನ ಕೆಲಸ ಅರ್ಧ ಅಲ್ಲೇ ಹೋಯಿತು. ಹೆಡ್‌ಫೋನ್ ಹಾಕಿಕೊಳ್ಳಿ.

ಆರನೇ ತಂತಿ:

ಮೆಟ್ರೊನೋಮ್ ಅವರೇ, ಆ ಫ್ರೇಮ್ ಲೆಕ್ಕ ತುಂಬಾ ಚೆನ್ನಾಗಿದೆ. ಶುರು ಮತ್ತು ಕೊನೆ ಎರಡನ್ನೂ ಸೇರಿಸಿ ನೋಡೋಣ, ಅದು ಸರಿ. ಆದರೂ ಒಂದು ಮಾತು. ಸ್ವರ ಬೀಟ್‌ನಲ್ಲಿ ಎಲ್ಲಿ ಕೂರುತ್ತದೆ ಅನ್ನುವುದನ್ನು ಈಗ ಕಂಪ್ಯೂಟರಿನಲ್ಲಿ ಸರಿಸಬಹುದು. ಸ್ವರ ಮುಗಿಯುವ ರೀತಿಯನ್ನು ಹಾಗೆ ಸುಲಭವಾಗಿ ಸರಿಸಲು ಆಗುವುದಿಲ್ಲ. ಅದಕ್ಕೇ ನಾನು ಅದನ್ನು ಜಾಸ್ತಿ ನಂಬುತ್ತೇನೆ.

ಲೆಗಾಟೊ:

ವೇಗವಾಗಿ ನುಡಿಸುವವರ ಪರವಾಗಿ ಯಾರಾದರೂ ಮಾತಾಡಲೇಬೇಕು. ನಿಧಾನ ಅಂದರೆ ಫೀಲ್, ವೇಗ ಅಂದರೆ ಕಸರತ್ತು ಅನ್ನುವ ಈ ಗೆರೆಯನ್ನು ನಾನು ಒಪ್ಪುವುದಿಲ್ಲ. ಉದ್ದದ ಸ್ವರವನ್ನೇ ಅಳತೆ ಮಾಡಿಕೊಂಡರೆ ಅಲನ್ ಹೋಲ್ಡ್ಸ್‌ವರ್ತ್ ಅವರನ್ನು ಏನು ಮಾಡುತ್ತೀರಿ? ಅವರಿಗೆ ಬೇಕಾಗಿದ್ದದ್ದು ಸ್ಯಾಕ್ಸೊಫೋನಿನ ಹಾಗೆ ಉಸಿರಾಡುವ ಸಾಲು. ಅದಕ್ಕಾಗಿ ತಂತಿ ಮೀಟುವ ಚಿಕ್ಕ ಬಿಲ್ಲೆಯಾದ ಪಿಕ್‌ನ ಟಕ್ ಟಕ್ ಸದ್ದನ್ನು ಆದಷ್ಟು ಕಡಿಮೆ ಮಾಡಿ ಎಡಗೈಯಿಂದಲೇ ಸ್ವರಗಳನ್ನು ಹುಟ್ಟಿಸಿದರು. ಅಲ್ಲಿ ಒಂದೊಂದು ಸ್ವರಕ್ಕೆ ಕೊನೆ ಅಂತ ಇಲ್ಲ. ಇಡೀ ಸಾಲು ಒಂದು ಉಸಿರು. ಫೀಲ್ ಇರುವುದು ಆ ಸಾಲಿನ ಏರಿಳಿತದಲ್ಲಿ.

ಈಗಿನವರಲ್ಲಿ ಮ್ಯಾಟಿಯೊ ಮ್ಯಾಂಕುಸೊ. ಇಟಲಿಯ ಸಿಸಿಲಿಯವರು, 1996ರಲ್ಲಿ ಹುಟ್ಟಿದವರು, ಮೊದಲ ಆಲ್ಬಮ್ ಬಂದದ್ದು 2023ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅವರ ವಿಡಿಯೋಗಳು ಓಡಾಡುತ್ತಿದ್ದವು. ಎಲೆಕ್ಟ್ರಿಕ್ ಗಿಟಾರನ್ನು ಪಿಕ್ ಇಲ್ಲದೆ, ಕ್ಲಾಸಿಕಲ್ ಗಿಟಾರಿನವರ ಹಾಗೆ ಬೆರಳುಗಳಿಂದಲೇ ನುಡಿಸುತ್ತಾರೆ. ಅವರನ್ನು ನೋಡಿ ಎಲ್ಲರೂ ಬಾಯಿ ಬಿಡುವುದು ವೇಗಕ್ಕೆ. ನೀವು ವೇಗ ಬಿಟ್ಟು ಸ್ವರ ಹುಟ್ಟುವ ಸದ್ದನ್ನು ಕೇಳಿ. ಪಿಕ್ ತಂತಿಗೆ ತಾಗಿದಾಗ ಬರುವ ಗಡುಸು ಅಲ್ಲಿ ಇಲ್ಲ, ಬೆರಳ ತುದಿಯ ಮೆತ್ತಗಿನ ದುಂಡು ಸದ್ದು. ಜೊತೆಗೆ ಒಂದೊಂದು ಬೆರಳು ಒಂದೊಂದು ತಂತಿಗೆ ಸಿದ್ಧವಾಗಿರುವುದರಿಂದ ತಂತಿ ಹಾರುವಾಗ ಸ್ವರ ಸೊರಗುವುದಿಲ್ಲ. ಅಷ್ಟು ವೇಗದಲ್ಲೂ ಕೆಲವು ಸ್ವರ ಒತ್ತಿ, ಕೆಲವನ್ನು ತೇಲಿಸಿ ಬಿಡುತ್ತಾರೆ. ಇದು ಫೀಲ್ ಅಲ್ಲದೆ ಮತ್ತೇನು?

ಗತ್ರಿ ಗೋವನ್ ಇನ್ನೊಬ್ಬರು. ಬೇರೆಯವರ ಶೈಲಿಯನ್ನು ಹಾಗೇ ತಂದು ತೋರಿಸುವುದರಲ್ಲಿ ಅವರಿಗೆ ಸಾಟಿ ಇಲ್ಲ. ಒಂದೇ ಗಿಟಾರ್, ಒಂದೇ ಟೋನ್ ಇಟ್ಟುಕೊಂಡು ವೈಬ್ರೇಟೊ, ಪಿಕ್ ಹಿಡಿತ, ಬೀಟ್‌ನಲ್ಲಿ ಕೂರುವ ಜಾಗ ಇಷ್ಟನ್ನೇ ಬದಲಿಸಿ ಇನ್ನೊಬ್ಬರೇ ಆಗಿಬಿಡುತ್ತಾರೆ. ಫೀಲ್ ಬಿಡಿಸಿ ನೋಡಬಹುದಾದ ವಿಷಯ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕಟ್ ಅಂಡ್ ಪೇಸ್ಟ್:

ನಾನು ರೆಕಾರ್ಡಿಂಗ್ ಕೆಲಸ ಮಾಡುವವನು. ಒಂದು ವಿಷಯ ಎಲ್ಲರ ಗಮನಕ್ಕೆ ತರಬೇಕು. ನೀವು ಹೋಲಿಸುತ್ತಿರುವುದು ಇಬ್ಬರ ಕೈಗಳನ್ನಾ, ಇಬ್ಬರ ಎಡಿಟಿಂಗನ್ನಾ?

ಆಡಿಯೋ ಬೇರೆ ವಿಡಿಯೋ ಬೇರೆ ಮಾಡುವುದು ಮೊದಲಿನಿಂದಲೂ ಇದೆ. 2005ರ ಕೊನೆಯಲ್ಲಿ ಯೂಟ್ಯೂಬಿಗೆ ಬಂದ ಕ್ಯಾನನ್ ರಾಕ್ ವಿಡಿಯೋ ನೆನಪಿದೆಯಾ? ಟೋಪಿಯಲ್ಲಿ ಮುಖ ಮರೆಯಾಗಿದ್ದ ಕೊರಿಯಾದ ಹುಡುಗ, ಹೆಸರು ಫನ್‌ಟೂ ಅಂತ ಮಾತ್ರ ಇತ್ತು. ಪಾಕೆಲ್ಬೆಲ್‌ನ ಹಳೆಯ ಕ್ಯಾನನ್ ಅನ್ನು ತೈವಾನಿನ ಜೆರ್ರಿಸಿ ರಾಕ್ ಗಿಟಾರಿಗೆ ಒಗ್ಗಿಸಿದ್ದರು, ಫನ್‌ಟೂ ಅದನ್ನು ನುಡಿಸಿದ್ದರು. ಸದ್ದು ಮತ್ತು ಬೆರಳು ಒಂಚೂರು ಹೊಂದುತ್ತಿರಲಿಲ್ಲ ಅಂತ "ಇದು ಸುಳ್ಳು" ಅಂದವರಿದ್ದರು. ಆಡಿಯೋ ಮತ್ತು ವಿಡಿಯೋ ಬೇರೆ ಬೇರೆ ರೆಕಾರ್ಡ್ ಮಾಡಿ ಸೇರಿಸಿದ್ದು ಅಂತ ಅವರೇ ಹೇಳಿದರು. ಅದರಲ್ಲಿ ಮೋಸ ಏನೂ ಇಲ್ಲ, ಒಳ್ಳೆಯ ಸದ್ದು ಬೇಕು ಅಂದರೆ ಹಾಗೇ ಮಾಡಬೇಕು.

ಚಿಂತೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದೊಂದು ತುಂಡನ್ನು ಸರಿಯಾಗುವ ತನಕ ನುಡಿಸಿ ಜೋಡಿಸುವುದು, ಪ್ರತಿ ಸ್ವರವನ್ನೂ ಕಂಪ್ಯೂಟರಿನ ತಾಳದ ಗೆರೆಗಳಿಗೆ, ಅಂದರೆ ಗ್ರಿಡ್‌ಗೆ ಎಳೆದು ಕೂರಿಸುವುದು, ಕಂಪ್ರೆಸರ್ ಹಾಕಿ ಜೋರು ಮೆಲ್ಲಗೆ ಎಲ್ಲವನ್ನೂ ಸಮ ಮಾಡುವುದು. ಇವು ಮೂರೂ ಸೇರಿದರೆ ಯಾರು ನುಡಿಸಿದರೂ ಒಂದೇ ಥರ ಕೇಳಿಸುತ್ತದೆ. ಮೆಟ್ರೊನೋಮ್ ಹೇಳಿದ ಆ 20-30 ಮಿಲಿಸೆಕೆಂಡ್ ಗ್ರಿಡ್‌ನಲ್ಲಿ ಸತ್ತುಹೋಗುತ್ತದೆ. ಹತ್ತು ಬೆರಳು ಹೇಳಿದ ಮೂರು ಜೋರು ಕಂಪ್ರೆಸರ್‌ನಲ್ಲಿ ಒಂದೇ ಆಗುತ್ತದೆ. ಇದರ ಮೇಲೆ ವಿಡಿಯೋ ಉದ್ದ ಬೇರೆ. ಇನ್‌ಸ್ಟಾಗ್ರಾಂನಲ್ಲಿ 2013ರಲ್ಲಿ ವಿಡಿಯೋ ಬಂದಾಗ 15 ಸೆಕೆಂಡ್, 2016ರಲ್ಲಿ 60 ಸೆಕೆಂಡ್. ಅಷ್ಟರಲ್ಲಿ ಗಮನ ಹಿಡಿಯಬೇಕು ಅಂದರೆ ಮೊದಲ ಸ್ವರದಿಂದಲೇ ತುಂಬಿ ನುಡಿಸಬೇಕಿತ್ತು. ಖಾಲಿ ಜಾಗ ಬಿಡುವ ಧೈರ್ಯ ಯಾರಿಗಿತ್ತು?

ಹಾಗಾಗಿ ಹೋಲಿಸುವ ಮೊದಲು ಆ ಗಿಟಾರಿಸ್ಟ್ ವೇದಿಕೆ ಮೇಲೆ ನುಡಿಸಿದ್ದನ್ನು ಹುಡುಕಿ. ಪ್ರೇಕ್ಷಕರು ಫೋನಿನಲ್ಲಿ ಹಿಡಿದದ್ದಾದರೂ ಪರವಾಗಿಲ್ಲ. ಸದ್ದು ಕೆಟ್ಟದಾಗಿರುತ್ತದೆ, ಕೈ ನಿಜವಾಗಿರುತ್ತದೆ.

ಹೊಸ ಕೈ:

ನಾನು ಗಿಟಾರ್ ಕಲಿಯಲು ಶುರು ಮಾಡಿ ಹೆಚ್ಚು ದಿನ ಆಗಿಲ್ಲ. ನೀವೆಲ್ಲ ಹೇಳುವುದು ಓದುವಾಗ ಸರಿ ಅನ್ನಿಸುತ್ತದೆ, ವಿಡಿಯೋ ಹಾಕಿದರೆ ನನಗೆ ಎಲ್ಲರೂ ಒಂದೇ ಥರ ಕೇಳಿಸುತ್ತಾರೆ. ಎಲ್ಲರೂ ಚೆನ್ನಾಗಿ ನುಡಿಸುತ್ತಾರೆ, ಅಷ್ಟೇ. ಈ ಕಿವಿ ಹೇಗೆ ಬರುತ್ತದೆ? ಇನ್ನೊಂದು, ಗಿಟಾರ್, ಪೆಡಲ್, ಆಂಪ್ ಬೇರೆ ಬೇರೆ ಇರುವಾಗ ಫೀಲ್ ಯಾವುದು ಟೋನ್ ಯಾವುದು ಅಂತ ಹೇಗೆ ಬೇರೆ ಮಾಡುವುದು?

ಆರನೇ ತಂತಿ:

ಹೊಸ ಕೈ, ನಿಮ್ಮ ಪ್ರಶ್ನೆ ಈ ಚರ್ಚೆಗೇ ಬೇಕಾಗಿತ್ತು. ಬೇರೆ ಬೇರೆ ಹಾಡು ಕೇಳಿ ಹೋಲಿಸಲು ಹೋಗಬೇಡಿ, ಆಗ ಹಾಡು ಮಾತ್ರ ಕೇಳಿಸುತ್ತದೆ. ಒಂದೇ ಹಾಡನ್ನು ಇಬ್ಬರು ನುಡಿಸಿದ್ದು ಹುಡುಕಿ. ಕ್ಯಾನನ್ ರಾಕ್ ಇದಕ್ಕೆ ಬಹಳ ಒಳ್ಳೆಯದು, ಯಾಕೆಂದರೆ ಅದೇ ಅರೇಂಜ್‌ಮೆಂಟನ್ನು ಲೋಕದ ಮೂಲೆ ಮೂಲೆಯಿಂದ ಜನ ನುಡಿಸಿ ಹಾಕಿದ್ದಾರೆ. ಇಲ್ಲವೇ ಒಂದೇ ಬ್ಯಾಕಿಂಗ್ ಟ್ರ್ಯಾಕ್ ಮೇಲೆ ಹಲವರು ನುಡಿಸಿದ ಸೋಲೋಗಳು. ಅದರಲ್ಲೂ ಪೂರ್ತಿ ಬೇಡ, ಒಂದೇ ಸಾಲು ತೆಗೆದುಕೊಳ್ಳಿ. ಯೂಟ್ಯೂಬಿನಲ್ಲಿ ವೇಗ 0.75 ಅಥವಾ 0.5 ಮಾಡಿ, ಶ್ರುತಿ ಬದಲಾಗುವುದಿಲ್ಲ. 0.25ಕ್ಕೆ ಇಳಿಸಿದರೆ ಸದ್ದು ಕಲಸಿಹೋಗುತ್ತದೆ, ಉಪಯೋಗ ಇಲ್ಲ. ಆಮೇಲೆ ಆ ಸಾಲನ್ನು ಬಾಯಲ್ಲಿ ಹಾಡಿ. ಮೊದಲನೆಯವರ ಹಾಗೆ ಒಮ್ಮೆ, ಎರಡನೆಯವರ ಹಾಗೆ ಒಮ್ಮೆ. ಹಾಡಲು ಹೋದಾಗ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಬಾಯಿಗೆ ಗೊತ್ತಾಗುತ್ತದೆ. ಕಿವಿ ಹಿಂದೆಯೇ ಬರುತ್ತದೆ.

ಟೋನ್ ಬಗ್ಗೆ: ಪೆಡಲ್ ಮತ್ತು ಆಂಪ್ ಸ್ವರದ ಬಣ್ಣ ಬದಲಿಸುತ್ತವೆ. ವೈಬ್ರೇಟೊ ಎಷ್ಟು ಅಗಲ, ಬೆಂಡ್ ಸ್ವರಕ್ಕೆ ಸರಿಯಾಗಿ ಮುಟ್ಟಿತಾ, ಮಧ್ಯೆ ಎಷ್ಟು ಜಾಗ ಬಿಟ್ಟರು, ಇವೆಲ್ಲ ಬರುವುದು ಮುಖ್ಯವಾಗಿ ಕೈಯಿಂದ. ಆದರೆ ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡುವುದು) ಜಾಸ್ತಿ ಇದ್ದರೆ ಜೋರು ಮೆಲ್ಲಗಿನ ವ್ಯತ್ಯಾಸ ಮುಚ್ಚಿಹೋಗುತ್ತದೆ, ಆದ್ದರಿಂದ ಮೊದಮೊದಲು ಕ್ಲೀನ್ ಟೋನಿನವರನ್ನೇ ಕೇಳಿ. ಜೂಲಿಯನ್ ಲಾಜ್ ಅವರಿಂದ ಶುರು ಮಾಡಿ. ಗಿಟಾರ್, ಆಂಪ್, ಹೆಚ್ಚು ಏನೂ ಇಲ್ಲ. ಒಂದೇ ಸಾಲಿನಲ್ಲಿ ಪಿಸುಮಾತಿನಿಂದ ಕೂಗಿನ ತನಕ ಹೋಗಿ ಬರುತ್ತಾರೆ.

ಗಾಜಿನ ಕೊಳವೆ:

ಇಷ್ಟು ಹೊತ್ತಾದರೂ ಸ್ಲೈಡ್ ಬಗ್ಗೆ ಯಾರೂ ಬಿಡಿಸಿ ಬರೆದಿಲ್ಲ! ಡೆರೆಕ್ ಟ್ರಕ್ಸ್ ಅವರನ್ನು ಕೇಳದೆ ಫೀಲ್ ಬಗ್ಗೆ ಮಾತಾಡುವುದು ಹೇಗೆ? ಗಿಟಾರನ್ನು ಓಪನ್ ಇ ಶ್ರುತಿಗೆ (ಬರೀ ತಂತಿಗಳನ್ನು ಮೀಟಿದರೇ ಇ ಕಾರ್ಡ್ ಬರುವಂತೆ) ಇಟ್ಟು, ಪಿಕ್ ಇಲ್ಲದೆ, ಗಾಜಿನ ಸ್ಲೈಡ್ ಹಾಕಿ ನುಡಿಸುತ್ತಾರೆ. ಸರೋದ್‌ನ ಅಲಿ ಅಕ್ಬರ್ ಖಾನ್ ಅವರ ಪ್ರಭಾವ ತಮ್ಮ ಮೇಲಿದೆ ಅಂತ ಟ್ರಕ್ಸ್ ಹೇಳಿಕೊಂಡಿದ್ದಾರೆ. ಕೇಳಿದರೆ ಗೊತ್ತಾಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಅವರಿಗೆ ಸಂಗೀತ, ಎರಡು ತುದಿಯ ಸ್ವರಗಳು ನೆಪ.

ಸಂಗೀತ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಹೊಸದಲ್ಲ. ಗಮಕ ಅಂದರೆ ಇದೇ ತಾನೆ? ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವುದನ್ನು ಕೇಳಿ. ಫ್ರೆಟ್ ಇರುವ ವಾದ್ಯದಲ್ಲಿ ತಂತಿ ಎಳೆದು, ಜಾರಿಸಿ ಗಮಕ ತರುತ್ತಾರೆ. ಬ್ಲೂಸ್ ಗಿಟಾರಿಸ್ಟ್ ಬೆಂಡ್ ಮಾಡಿದಾಗ ಸ್ವರ ಮೇಲೆ ಹೋಗಿ ನಿಲ್ಲುತ್ತದೆ. ಪ್ರಸನ್ನ ಅವರದ್ದು ಮೇಲೆ ಹೋಗಿ, ಅಲುಗಿ, ಇಳಿದು, ಮತ್ತೆ ಮುಟ್ಟುತ್ತದೆ, ಅದೂ ರಾಗ ಕೇಳಿದಷ್ಟೇ. ಎರಡೂ ತಂತಿ ಎಳೆಯುವ ಕೆಲಸವೇ. ಎಳೆದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ ಎರಡು ಸಂಗೀತಗಳು ಬೇರೆಯಾಗುತ್ತವೆ.

ಮೆಟ್ರೊನೋಮ್:

ತಂತಿ ಎಳೆಯುವ ಮಾತು ಬಂತು, ಒಂದು ಚಿಕ್ಕ ಸೇರ್ಪಡೆ. ಆಲ್ಬರ್ಟ್ ಕಿಂಗ್ ಎಡಗೈಯವರು, ತಂತಿ ಕ್ರಮ ಬದಲಿಸದೆ ಗಿಟಾರನ್ನು ತಿರುಗಿಸಿ ಹಿಡಿಯುತ್ತಿದ್ದರು. ಸಣ್ಣ ತಂತಿ ಮೇಲೆ ಬಂತು. ಎಲ್ಲರೂ ಮೇಲಕ್ಕೆ ನೂಕಿ ಬೆಂಡ್ ಮಾಡಿದರೆ ಅವರು ಕೆಳಕ್ಕೆ ಎಳೆದರು. ಕೈಯ ಪೂರ್ತಿ ಬಲ ಸಿಗುವುದರಿಂದ ಅವರ ಬೆಂಡ್ ಅಷ್ಟು ದೊಡ್ಡದು. ತಂತಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಸ್ಟೀವಿ ರೇ ವಾನ್ 13ರ ತಂತಿ (ಇಂಚಿನ ಸಾವಿರ ಪಾಲಿನಲ್ಲಿ 13 ಪಾಲು ದಪ್ಪ) ಹಾಕುತ್ತಿದ್ದರು, ಬಿಲ್ಲಿ ಗಿಬ್ಬನ್ಸ್ 7ರದ್ದು. ಎರಡರಲ್ಲೂ ಬ್ಲೂಸ್ ಇದೆ. ದಪ್ಪ ತಂತಿ ಇದ್ದರೆ ಮಾತ್ರ ಫೀಲ್ ಅನ್ನುವವರು ಇದನ್ನು ನೋಡಲಿ.

ನೈಲಾನ್:

ಎಲ್ಲರೂ ಹಿರಿಯರ ಕಡೆಗೇ ವಾಲುತ್ತಿದ್ದೀರಿ ಅಂತ ನನ್ನ ದೂರು. ಪಾಲಿಫಿಯಾ ಬ್ಯಾಂಡಿನ ಟಿಮ್ ಹೆನ್ಸನ್ ಹೆಸರು ಬಂದರೆ ಸಾಕು, "ರೋಬೋಟ್" ಅನ್ನುವವರು ಜಾಸ್ತಿ. ಅವರ ಸಂಗೀತದ ಮೇಲೆ ಹಿಪ್ ಹಾಪ್, ಟ್ರ್ಯಾಪ್ ಬೀಟ್‌ಗಳ ಪ್ರಭಾವ ದೊಡ್ಡದು. ಆ ಸಂಗೀತದಲ್ಲಿ ಸ್ಯಾಂಪಲನ್ನು ಕತ್ತರಿಸಿ, ತಟ್ಟನೆ ನಿಲ್ಲಿಸಿ, ಮತ್ತೆ ಶುರು ಮಾಡುವುದೇ ಸೊಗಸು. ಹೆನ್ಸನ್ ಅದನ್ನು ಬೆರಳಲ್ಲಿ ಮಾಡುತ್ತಾರೆ. ನೈಲಾನ್ ತಂತಿಯ ಗಿಟಾರಿನಲ್ಲಿ ಅವರು ನುಡಿಸಿದ್ದನ್ನು ಕೇಳಿ. ನೈಲಾನ್ ಸ್ವರ ಉಕ್ಕಿನ ತಂತಿಗಿಂತ ಬೇಗ ಇಳಿಯುತ್ತದೆ, ಆ ಬೇಗ ಇಳಿಯುವ ಗುಣವನ್ನೇ ಅವರು ತಾಳವಾಗಿ ಬಳಸುತ್ತಾರೆ. ಆರನೇ ತಂತಿಯವರ ಅಳತೆಯಿಂದಲೇ ನೋಡಿದರೂ, ಸ್ವರವನ್ನು ಇಷ್ಟು ಯೋಚಿಸಿ ಮುಗಿಸುವವರು ಕಡಿಮೆ. ಬ್ಲೂಸ್ ವೈಬ್ರೇಟೊ ಇಲ್ಲ ಅಂತ ಫೀಲ್ ಇಲ್ಲ ಅನ್ನುವುದು ಯಾವ ನ್ಯಾಯ?

ಆರನೇ ತಂತಿ:

ನೈಲಾನ್ ಅವರೇ, ಪೂರ್ತಿ ಒಪ್ಪಿದೆ, ಇಷ್ಟು ಚೆನ್ನಾಗಿ ನಾನು ಬರೆಯುತ್ತಿರಲಿಲ್ಲ. ಹೆನ್ಸನ್ ಬಗ್ಗೆ ನನ್ನ ತಕರಾರು ಒಂದೇ: ಅವರ ಬ್ಯಾಂಡ್‌ನಲ್ಲಿ ಎಲ್ಲವೂ ಮೊದಲೇ ಕೂಡಿಸಿಟ್ಟ ಸಂಗೀತ, ಆ ಗಳಿಗೆಯಲ್ಲಿ ಹುಟ್ಟಿದ್ದು ಕೇಳಿಸುವುದು ಕಡಿಮೆ. ಅದು ಸಂಗೀತದ ಬಗೆ, ದೋಷ ಅನ್ನಲು ಬರುವುದಿಲ್ಲ.

ಆ ಗಳಿಗೆಯಲ್ಲಿ ಹುಟ್ಟುವುದು ಹೇಗಿರುತ್ತದೆ ಅಂತ ಕೇಳಬೇಕಾದವರು ಜೆಫ್ ಬೆಕ್ ಅವರ 2007ರ ಲಂಡನ್ನಿನ ರೋನಿ ಸ್ಕಾಟ್ಸ್ ಕ್ಲಬ್ ಕಾರ್ಯಕ್ರಮದ ವಿಡಿಯೋ ತೆಗೆಯಿರಿ. ಬಲಗೈಯನ್ನೇ ನೋಡಿ. ಪಿಕ್ ಇಲ್ಲ, ಹೆಬ್ಬೆರಳಿನಿಂದ ಮೀಟುತ್ತಾರೆ, ಕಿರುಬೆರಳು ವಾಲ್ಯೂಮ್ ನಾಬ್ ಮೇಲೆ, ಅಂಗೈ ಶ್ರುತಿ ಏರಿಳಿಸುವ ಟ್ರೆಮೊಲೊ ಬಾರ್ ಹತ್ತಿರ. ಸ್ವರ ಹುಟ್ಟಿದ ಮೇಲೆ ಅದರ ಜೋರು, ಶ್ರುತಿ, ಅಲುಗಾಟ ಎಲ್ಲವೂ ಆ ಒಂದು ಕೈಯಲ್ಲಿ. ಅವರು 2023ರ ಜನವರಿಯಲ್ಲಿ ತೀರಿಕೊಂಡರು. ಕಟ್ ಅಂಡ್ ಪೇಸ್ಟ್ ಹೇಳಿದ ಹಾಗೆ ವೇದಿಕೆ ಮೇಲಿನದು ಕೇಳಬೇಕು ಅಂದರೆ ಮೊದಲು ಇದು.

ಹೊಸ ಕೈ, ನೀವು ಇದನ್ನೂ ಲಾಜ್ ಅವರದ್ದನ್ನೂ ಸ್ಕ್ರೀನ್ ಆಫ್ ಮಾಡಿ ಒಂದು ಸಲ, ಆನ್ ಮಾಡಿ ಒಂದು ಸಲ ಕೇಳಿ. ಕೇಳಿಸಿದ್ದು ಏನು ಅಂತ ಇಲ್ಲಿ ಬರೆಯಿರಿ. ನೀವು ಬರೆದ ಮೇಲೆ ಎಲ್ಲರೂ ಅದೇ ಸಾಲನ್ನು ತೆಗೆದುಕೊಂಡು ಮಾತಾಡೋಣ.

ಹೊಸ ಕೈ:

ಲಾಜ್ ಅವರದ್ದು ಕೇಳಿದೆ. ಸ್ಕ್ರೀನ್ ಆಫ್ ಇದ್ದಾಗ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸಿತು, ಒಬ್ಬರು ಮೆಲ್ಲಗೆ ಕೇಳಿದಂತೆ, ಇನ್ನೊಬ್ಬರು ಜೋರಾಗಿ ಉತ್ತರ ಕೊಟ್ಟಂತೆ. ಆನ್ ಮಾಡಿ ನೋಡಿದರೆ ಮೆಲ್ಲಗೆ ನುಡಿಸುವಾಗ ಅವರ ಬಲಗೈ ನೆಕ್ ಕಡೆಗೆ ಸರಿಯುತ್ತದೆ, ಜೋರಿಗೆ ತಂತಿಗಳ ಕೆಳತುದಿ ಕೂರುವ ಬ್ರಿಡ್ಜ್ ಕಡೆಗೆ. ಇದು ಬೇಕೆಂದೇ ಮಾಡುವುದಾ? ಜೆಫ್ ಬೆಕ್ ಅವರದ್ದು ಈಗ ಹಾಕುತ್ತಿದ್ದೇನೆ.

ಹತ್ತು ಬೆರಳು:

ಬೇಕೆಂದೇ. ಬ್ರಿಡ್ಜ್ ಹತ್ತಿರ ಮೀಟಿದರೆ ಮೇಲಿನ ಹಾರ್ಮೋನಿಕ್ಸ್ ಜಾಸ್ತಿ ಬರುತ್ತವೆ, ಸ್ವರ ಚೂಪಾಗುತ್ತದೆ. ನೆಕ್ ಕಡೆ ಬಂದರೆ ಮೂಲ ಸ್ವರ ಮುಂದೆ ಬಂದು ದುಂಡಗಾಗುತ್ತದೆ. ನಿಮ್ಮ ಗಿಟಾರಿನಲ್ಲಿ ಒಂದೇ ತಂತಿಯನ್ನು ಬ್ರಿಡ್ಜ್‌ನಿಂದ ನೆಕ್ ತನಕ ಮೀಟುತ್ತಾ ಬನ್ನಿ, ಈಗಲೇ ಕೇಳಿಸುತ್ತದೆ.